ಹೊಳೆಗಿಳಿದ ಬೆಲ್ಲದ ಕಡಾಯಿ

ನಾನು ಬೆಲ್ಲ ಕಾಯಿಸುವ ಕಡಾಯಿ. ಮಹಾಲಿಂಗಪುರದ ಮೌನೇಶ ಕಂಬಾರರ ಕುಲುಮೆಯಲ್ಲಿ ನಾಲ್ಕು ದಿನ ಪೆಟ್ಟು ತಿಂದು ಹುಟ್ಟಿದೆ. ಎಂಟು ಅಡಿ ಅಗಲ, ಒಂದು ಮೊಳ ಆಳ. ತಳಕ್ಕೆ ಸಾಲುವಷ್ಟು ದೊಡ್ಡ ತಗಡು ಸಿಗದೆ ಮೌನೇಶರು ಎರಡು ತಗಡುಗಳ ಅಂಚನ್ನು ಒಂದರ ಮೇಲೊಂದು ಕೂರಿಸಿ, ನಲವತ್ತೆರಡು ರಿವೆಟ್ ಬಡಿದು ಬೆಸೆದರು.

ನನ್ನನ್ನು ಕೊಂಡವರು ಕೃಷ್ಣಾ ದಂಡೆಯ ಊರೊಂದರ ಪರಗೌಡರು. ಅವರ ಗಾಣದ ಒಲೆಯ ಮೇಲೆ ಇಪ್ಪತ್ತು ಹಂಗಾಮು ಕೂತೆ. ಕೆಳಗೆ ಕಬ್ಬಿನ ಸಿಪ್ಪೆಯ ಬೆಂಕಿ, ಒಳಗೆ ಕುದಿಯುವ ಕಬ್ಬಿನ ಹಾಲು. ಹಂಗಾಮು ಮುಗಿದ ಮೇಲೆ ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರು. ಮನುಷ್ಯರನ್ನು ನಾನು ಕಂಡದ್ದೆಲ್ಲ ಕೆಳಗಿನಿಂದ: ಬೆವರಿದ ಗದ್ದ, ಹಬೆಗೆ ಕಿರಿದಾದ ಕಣ್ಣು.

ಆ ವರ್ಷ ಶ್ರಾವಣದಲ್ಲಿ ಹೊಳೆ ತನ್ನ ದಾರಿ ಬಿಟ್ಟು ಊರಿಗೆ ಬಂತು. ಊರಿಗೂ ತೋಟದ ಮನೆಗಳ ವಸ್ತಿಗೂ ನಡುವಿನ ತಗ್ಗು ತುಂಬಿ ಹರಿಯಿತು. ವಸ್ತಿಯ ಒಂಬತ್ತು ಜನ ಅಲ್ಲಿನ ಶಾಲೆಯ ಮಾಳಿಗೆ ಹತ್ತಿ ಕೂತರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಮೀಮಳೂ ಅವರಲ್ಲಿದ್ದಳು. ಅವಳ ತಾಯಿ ಹಸೀನಾಬಿ, ಹಪ್ಪಳ ಮಾರುವಾಕೆ, ಈ ದಂಡೆಯಲ್ಲಿ ನಿಂತು ಶಾಲೆಯ ಕಿಟಕಿಗಳನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಕಾಣುತ್ತಿದ್ದ ಕಿಟಕಿಗಳು ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಳುಗಿದ್ದವು. ಅಂಬಿಗರ ಬಾಳಪ್ಪನ ದೋಣಿ ಮೊದಲೇ ಕೊಚ್ಚಿಹೋಗಿತ್ತು. ಸರಕಾರದ ಬೋಟು ಮರುದಿನ ಬರುತ್ತದೆಂದು ಸುದ್ದಿ ಬಂತು.

"ನಾಳಿಗೆ ಮಾಳಿಗೀನೂ ಇರೂದಿಲ್ಲ," ಎಂದ ಬಾಳಪ್ಪ. "ಗೌಡ್ರ, ನಿಮ್ಮ ಕಡಾಯಿ ಕೊಡ್ರಿ."

ಪರಗೌಡರು ಕೂಡಲೇ ಗಾಣದ ಕಡೆ ಕೈ ತೋರಿಸಿದರು. "ಒಯ್ಯೊ. ಇಪ್ಪತ್ತು ವರ್ಸಾತು, ಒಂದ ಹನಿ ಹಾಲು ಸೋರಿಲ್ಲ ಅದು."

ಹನ್ನೆರಡು ಜನ ನನ್ನನ್ನು ಹೊತ್ತು ನೀರಿಗಿಳಿಸಿದರು. ಕಬ್ಬಿಣ ಮುಳುಗುತ್ತದೆ, ಆದರೆ ನನ್ನ ಹೊಟ್ಟೆಯ ತುಂಬ ಗಾಳಿ, ನಾನು ಒತ್ತರಿಸಬಲ್ಲ ನೀರು ನನಗಿಂತ ಭಾರ. ತೇಲಿದೆ. ಮುಂದು ಹಿಂದು ಇಲ್ಲದ ದುಂಡು ಪಾತ್ರೆಯಾದ್ದರಿಂದ ಗಿರಗಿರ ತಿರುಗಿದೆ. ಬಾಳಪ್ಪ ಬಿದಿರಿನ ಗಳ ಊರಿ ನನ್ನನ್ನು ಹದಕ್ಕೆ ತಂದು ಶಾಲೆಯ ಗೋಡೆಗೆ ಮುಟ್ಟಿಸಿದ. ಒಬ್ಬೊಬ್ಬರು ಹತ್ತಿದಂತೆ ಬೆರಳಗಲ ಇಳಿಯುತ್ತಿದ್ದೆ. ಶಮೀಮ ಮೊದಲು ಇಬ್ಬರು ಮುದುಕರನ್ನೂ ಒಬ್ಬ ಬಸುರಿಯನ್ನೂ ಕಳಿಸಿದಳು.

ತಿರುಗಿ ಬರುವಾಗ ನನ್ನ ತಳದಲ್ಲಿ ನೀರಾಡತೊಡಗಿತು. ಮೊದಲು ತೇವ, ಆಮೇಲೆ ಪಾದ ಮುಳುಗುವಷ್ಟು. ಬಸುರಿ ತನ್ನ ತಂಬಿಗೆಯಿಂದ ಮೊಗೆದು ಮೊಗೆದು ಚೆಲ್ಲಿದಳು. ದಂಡೆ ಮುಟ್ಟಿದಾಗ ಬಾಳಪ್ಪನ ಕಣಕಾಲವರೆಗೆ ನೀರಿತ್ತು.

ಪರಗೌಡರಿಗೆ ನಂಬಿಕೆಯೇ ಆಗಲಿಲ್ಲ. "ಹಾಲು ಸೋರದ್ದು ನೀರು ಹೆಂಗ ಸೋರ್ತದ?"

ಬಾಳಪ್ಪ ತಳದ ಬೆಸುಗೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡ. "ಸೀ ಐತ್ರಿ."

ಎಲ್ಲರಿಗೂ ಅರ್ಥವಾಯಿತು. ನನ್ನ ಬೆಸುಗೆಯ ಸಂದನ್ನು ಮುಚ್ಚಿದ್ದು ರಿವೆಟ್ಟುಗಳಲ್ಲ, ಇಪ್ಪತ್ತು ವರ್ಷದಿಂದ ಅಲ್ಲಿ ಸೇರಿ ಗಟ್ಟಿಯಾಗಿದ್ದ ಬೆಲ್ಲ. ಹೊಳೆಯ ನೀರಿಗೆ ಅದು ಕರಗುತ್ತಿತ್ತು. ಅತ್ತ ಮಾಳಿಗೆಯ ಮೇಲೆ ಇನ್ನೂ ಆರು ಜನ.

ಹಸೀನಾಬಿ ಮನೆಗೆ ಓಡಿದಳು. ಬರುವಾಗ ಅವಳ ತಲೆಯ ಮೇಲೆ ಉದ್ದಿನ ಹಿಟ್ಟಿನ ಡಬ್ಬಿ, ಕೈಯಲ್ಲಿ ಸುಣ್ಣದ ಗಡಿಗೆ, ಬಗಲಲ್ಲಿ ಹಳೆಯ ಸೀರೆ. ಹಿಟ್ಟಿಗೆ ಸುಣ್ಣ ಬೆರೆಸಿ ಹಪ್ಪಳದ ಹಿಟ್ಟಿಗಿಂತ ಗಟ್ಟಿಯಾಗಿ ನಾದಿದಳು. ಗೌಡರು ನನ್ನ ಒಳಗಿಳಿದು ಮೆತ್ತಲು ಹೊರಟಾಗ ತಡೆದಳು.

"ಒಳಗ ಹಚ್ಚಿದ್ರ ಹೊಳಿ ಅದನ್ನ ಒದ್ದು ಕಿತ್ತಾಕ್ತದ. ಡಬ್ಬ ಹಾಕ್ರಿ. ಹೊರಗ ಹಚ್ಚಿದ್ರ ಹೊಳೀನ ಒತ್ತಿ ಹಿಡೀತದ."

ನನ್ನನ್ನು ಬೋರಲು ಹಾಕಿದರು. ಪರಗೌಡರು ಸೀರೆ ಹರಿದು ಪಟ್ಟಿ ಮಾಡಿಕೊಟ್ಟರು. ಹಸೀನಾಬಿ ಹಿಟ್ಟನ್ನೂ ಪಟ್ಟಿಯನ್ನೂ ಒಂದರ ಮೇಲೊಂದು ಒತ್ತಿದಳು. ಆ ಹೆಬ್ಬೆರಳು ಒಂದು ರಿವೆಟ್ಟನ್ನೂ ಬಿಡಲಿಲ್ಲ.

ಮತ್ತೆರಡು ಸಲ ಹೋಗಿ ಬಂದೆ. ತೇವ ಬಂತು, ನೀರು ಬರಲಿಲ್ಲ. ಕೊನೆಯ ಸಲ, ಹೊತ್ತು ಇಳಿಯುವ ಮುಂಚೆ, ಶಮೀಮ ದಂಡೆಗೆ ಕಾಲಿಟ್ಟಳು. ತಾಯಿ ಅವಳ ತಲೆ, ಭುಜ, ಕೈಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

"ಎಲ್ಲಾರನ್ನ ಕಳಿಸಿ ಕಡೀಕ ಬಂದಿ. ದೊಡ್ಡ ಸರದಾರಳಽ ಆದಿ ನೋಡು. ನನ್ನ ಹಿಟ್ಟೆಲ್ಲ ಹೊಳಿಗಿ ಹಾಕಿಸಿದಿ, ಹಪ್ಪಳ ನಿಮ್ಮಪ್ಪ ಮಾಡ್ತಾನೇನು?"

"ಹಸಿವಾಗೇತಿ ಅವ್ವಾ," ಎಂದಳು ಶಮೀಮ. ಹಸೀನಾಬಿ ಅಲ್ಲೇ ಕುಸಿದು ಕೂತು, ನನ್ನ ಅಂಚು ಹಿಡಿದು ಅತ್ತಳು. ಅಂಥ ಬಿಗಿಯಾದ ಹಿಡಿತವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನೆರೆ ಇಳಿಯಿತು. ಹಂಗಾಮು ಬಂತು. ಒಲೆಗೆ ಹಾಕಬೇಕಾದರೆ ನನ್ನ ತಳದ ಸುಣ್ಣದ ಪಟ್ಟಿಯನ್ನು ಕೆರೆದು ತೆಗೆಯಬೇಕಿತ್ತು. ಪರಗೌಡರು ಉಳಿ ಹಿಡಿದು ಬಂದರು. ಪಟ್ಟಿಯಲ್ಲಿ ಹಸೀನಾಬಿಯ ಹೆಬ್ಬೆರಳಿನ ಗುರುತುಗಳು ಹಾಗೇ ಒಣಗಿದ್ದವು. ಉಳಿಯನ್ನು ಕೆಳಗಿಟ್ಟರು.

"ಇರ್ಲಿ ಬಿಡು," ಎಂದರು. ಆ ವರ್ಷ ಬೆಲ್ಲವನ್ನು ಬೇರೆಯವರ ಕಡಾಯಿಯಲ್ಲಿ ಕಾಯಿಸಿಕೊಂಡರು.

ಮುಂದೆ ಗೌಡರು ನನ್ನನ್ನು ವಸ್ತಿಗೇ ಕೊಟ್ಟರು. ಈಗ ಅಲ್ಲಿನ ಶಾಲೆಯ ಹಿಂದಿನ ತಗಡಿನ ಸೂರಿನಡಿ, ನಾಲ್ಕು ಕಲ್ಲುಗಳ ಮೇಲೆ ಬೋರಲಾಗಿ ಮಲಗಿದ್ದೇನೆ. ಅಂಚು ತುಕ್ಕು ಹಿಡಿದಿದೆ. ಮಳೆಗಾಲಕ್ಕೆ ಮೊದಲು ಬಾಳಪ್ಪ ಬಂದು ಎಣ್ಣೆ ಸವರುತ್ತಾನೆ; ಶಮೀಮ ಬಿಸಿಯೂಟದ ಪಾತ್ರೆ ತೊಳೆಯುವಾಗ ನನ್ನ ಕಡೆ ನೀರು ಸಿಡಿಯದಂತೆ ಸರಿದು ಕೂರುತ್ತಾಳೆ. ಇಪ್ಪತ್ತು ವರ್ಷ ಹೊಟ್ಟೆ ತುಂಬಿ ಬದುಕಿದವನನ್ನು ಜನ ಈಗ ಇಷ್ಟು ಜೋಪಾನವಾಗಿ ಖಾಲಿ ಇಟ್ಟಿದ್ದಾರೆ. ಇನ್ನೊಂದು ನೆರೆಯನ್ನು ನಾನು ಬಯಸುವುದಿಲ್ಲ. ಆದರೆ ಬಂದರೆ ನಾಲ್ಕು ಜನರಿಗೆ ಜಾಗವಿದೆ.