ಟ್ರಾಂ ಬರುವವರೆಗೆ

ನಿಸಾರ್ ಆಗಲೇ ನಾಲ್ಕನೇ ಸಲ ನಮಾಝಿನ ಕೋಣೆಯಿಂದ ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅರಬಿ ನಾಡಿನ ಸುಲೈಬಿಖಾತಿನ ಕಬರಸ್ಥಾನದಲ್ಲಿ ಅವನ ಬಾಪ ಬಾವಾಕುಂಞಿಯ ಮಯ್ಯತ್ತನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಅವರಿದ್ದ ಅಬ್ಬಾಸಿಯಾ ಬಡಾವಣೆಯ ಅರ್ಧ ಜನ ರಜೆ ಹಾಕಿ ಬಂದಿದ್ದರು. ಬಂದವರದ್ದೆಲ್ಲ ಒಂದೇ ಮಾತು.

"ಇಲ್ಲಿಯ ಟ್ರಾಂ ಒಮ್ಮೆ ಹತ್ತಿದ ಮೇಲೆಯೇ ಊರಿಗೆ ಹೋಗುವುದು ಅಂತಿದ್ರು, ಪಾಪ!" ಎಂದರು ಡೋಲ್ಫಿ. ಬಾಪನ ಜೊತೆ ಬಸ್ಸು ಓಡಿಸಿದವರು. "ನಿನ್ನ ಆಫೀಸಿನಲ್ಲೇ ಅಲ್ವಾ ಅದರ ನಕ್ಷೆ? ಎಲ್ಲಿಗೆ ಮುಟ್ಟಿತು?"

"ಆಗ್ತಾ ಉಂಟು," ಎಂದ ನಿಸಾರ್.

ಮಯ್ಯತ್ತಿನ ಎದುರು ನಿಂತೂ ಸುಳ್ಳೇ ಬಂತಲ್ಲ ಬಾಯಲ್ಲಿ!

*

ಬಾವಾಕುಂಞಿ ಹರೆಯದಲ್ಲಿ ಬೊಂಬಾಯಿಯ ಟ್ರಾಂ ಕಂಡಕ್ಟರು. ಅರವತ್ತನಾಲ್ಕನೇ ಇಸವಿಯಲ್ಲಿ ಟ್ರಾಂ ನಿಂತಿತು, ಹಳಿಗಳ ಮೇಲೆ ಡಾಂಬರು ಬಿತ್ತು. ಕಡಲು ದಾಟಿ ಬಂದು ಮೂವತ್ತು ವರ್ಷ ಇಲ್ಲಿ ಬಸ್ಸು ಓಡಿಸಿದರು. ಆದರೆ ಬಸ್ಸೆಂದರೆ ಅವರಿಗೆ ತಾತ್ಸಾರ. "ತಿರುಗಿಸಿದಲ್ಲಿ ತಿರುಗ್ತದೆ, ಅದಕ್ಕೆ ಸ್ವಂತ ಬುದ್ಧಿ ಉಂಟಾ?" ಎನ್ನುವರು.

ನಿಸಾರನ ಕಂಪೆನಿಗೆ ಟ್ರಾಂ ಹಾದಿಯ ನಕ್ಷೆ ಬರೆಯುವ ಕೆಲಸ ಸಿಕ್ಕಿದ ದಿನ ಮುದುಕರು ಮಗುವಾದರು. "ಅಲ್ಲಿ ಕಿತ್ತು ಬಿಸಾಡಿದ್ದನ್ನು ಇಲ್ಲಿ ಹಾಸ್ತಾರಾ, ಮಗಾ!" ಅಂದಿನಿಂದ ಪ್ರತಿ ಸಂಜೆ ಹಾಸಿಗೆಯ ಮೇಲೆ ನಕ್ಷೆ ಹರಡಿ ಅಪ್ಪ ಮಗ ಕೂರುವುದು. ಅದಕ್ಕೆ ಮೊದಲು ಇಬ್ಬರ ನಡುವೆ 'ಮಾತ್ರೆ ತಿಂದಿರಾ' ಎಂಬುದರಾಚೆ ಮಾತೇ ಇರಲಿಲ್ಲ.

ಎಂಟು ತಿಂಗಳಿಗೆ ಮ್ಯಾನೇಜರು ಬಂದು "ಟ್ರಾಂ ಖಲಾಸ್, ಯೋಜನೆ ಕೈಬಿಟ್ಟರು" ಎಂದ. ನಕ್ಷೆಗಳು ಕಪಾಟು ಸೇರಿದವು. ಮನೆಯಲ್ಲಿ ಹೇಗೆ ಹೇಳುವುದು? ನಿಸಾರ್ ಹಳೆಯ ನಕ್ಷೆಗೇ ಹೊಸ ನಿಲ್ದಾಣಗಳನ್ನು ಬರೆದು ತಂದ. ಎರಡು ವರ್ಷ ತಂದ. "ಮಾವನ ಕಣ್ಣಿಗೆ ಮಣ್ಣೆರಚಬೇಡಿ," ಎಂದು ಹೆಂಡತಿ ಹಸೀಬಾ ಹೇಳಿ ಹೇಳಿ ಸೋತಳು.

*

ನಮಾಝಿಗೆ ಮೊದಲು ಸತ್ತವರ ಪರವಾಗಿ ಮಗ ಕ್ಷಮೆ ಕೇಳುವುದು ಕ್ರಮ. ನಿಸಾರ್ ಮುಂದೆ ಬಂದ. "ನನ್ನ ಬಾಪನಿಂದ ಯಾರಿಗಾದರೂ ತಪ್ಪಾಗಿದ್ದರೆ ಮಾಫ್ ಮಾಡಿ."

"ಮಾಡಿದ್ದೇವೆ," ಎಂದರು ಎಲ್ಲರೂ.

ತನ್ನನ್ನು ಮಾಫ್ ಮಾಡಬೇಕಾದವರು ಮಾತ್ರ ಇನ್ನು ಬಾಯಿ ಬಿಡುವುದಿಲ್ಲ. ಸಾಯುವವರೆಗೂ ಈ ಸುಳ್ಳನ್ನು ಹೊತ್ತು ತಿರುಗಬೇಕಲ್ಲ!

ಬಾಪನ ಜೀವದ ಗೆಳೆಯ ಮೊಯ್ದಿನಬ್ಬ ಅವನ ತೋಳು ಹಿಡಿದು ಬದಿಗೆ ಎಳೆದರು.

"ನೀನು ಮಾಫ್ ಮಾಡಿದೆಯಾ?"

"ನಾನಾ? ನನಗೆ ಎಂತ ತಪ್ಪು ಮಾಡಿದ್ದಾರೆ ಅವರು?"

"ಸುಳ್ಳು ಹೇಳಿದ್ದಾನೆ ಮಾರಾಯ! ಟ್ರಾಂ ಖಲಾಸ್ ಅಂತ ಅರಬಿ ಪೇಪರಲ್ಲಿ ಬಂದ ದಿನವೇ ನಾನು ಅವನಿಗೆ ಓದಿ ಹೇಳಿದ್ದೆ. 'ನನಗೆ ಗೊತ್ತುಂಟು ಅಂತ ನಿಸಾರನಿಗೆ ಹೇಳ್ಬೇಡ. ಹೇಳಿದ್ರೆ ಅವ ನಾಳೆಯಿಂದ ನನ್ನ ಹತ್ತಿರ ಕೂರುವುದಿಲ್ಲ' ಅಂದ. ತಾನು ಸತ್ತ ದಿನ ನಿನ್ನ ಹತ್ತಿರ ಮಾಫ್ ಕೇಳ್ಬೇಕು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ."

"ಮಾಡಿದೆ," ಎಂದ ನಿಸಾರ್. "ಮಾಡಿದೆ ಮಾಮ, ಮಾಡಿದೆ," ಎಂದು ಬಿಕ್ಕಿದ.

ನಮಾಝ್ ಮುಗಿಯಿತು. "ಯಲ್ಲಾ, ಯಲ್ಲಾ," ಎಂದು ಕಬರಸ್ಥಾನದವನು ಅವಸರಪಡಿಸಿದ. ಮಯ್ಯತ್ತಿನ ಸಂದೂಕ ಎತ್ತಿದರು. ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಿಸುವುದು ವಾಡಿಕೆ; ಒಬ್ಬರ ಹಿಂದೆ ಒಬ್ಬರು ಬಂದು ನಿಸಾರನ ಬೆನ್ನು ತಟ್ಟಿದರು. ಅವನು ಜಾಗ ಬಿಡಲಿಲ್ಲ. ಗುಂಡಿಯ ಅಂಚಿನಲ್ಲಿ ಇಳಿಸಿದ ಮೇಲೂ ಅವನ ಬೆರಳುಗಳು ಸಂದೂಕದ ಹಿಡಿಯನ್ನು ಕಚ್ಚಿಕೊಂಡೇ ಇದ್ದವು. ಬಿಡಿಸಲು ಇಬ್ಬರು ಬೇಕಾಯಿತು.