ಸಾಹೇಬನಿಗೊಂದು ಜೊತೆ

ಬಾರು ನಡುಗುತ್ತಿದೆ, ಅಂದರೆ ಅವಳ ನಾಯಿ ಸಾಹೇಬ ಉಸಿರು ಬಿಗಿಹಿಡಿದಿದ್ದಾನೆ, ಅವನ ಎದೆಯ ನಡುಕ ಚರ್ಮದ ಬಾರಿನುದ್ದಕ್ಕೂ ಹರಿದು ಅವಳ ಮೊಣಕೈವರೆಗೆ ಬರುತ್ತಿದೆ, ತಂತಿಬೇಲಿಯ ಆಚೆ ಆ ಕಂದು ಬಣ್ಣದ ಸಣ್ಣದು, ಹದಿನಾಲ್ಕನೇ ಗೂಡಿನದು, ಒಂದು ಕಿವಿ ನೆಟ್ಟಗೆ ಇನ್ನೊಂದು ಜೋತು, ಬೇಲಿಗೆ ಒತ್ತಿಕೊಂಡೇ ನಡೆಯುತ್ತಿದೆ, ಎಷ್ಟು ತೆಳ್ಳಗಿದೆ ಅದರ ಕತ್ತು, ಅವಳ ಒಂದು ಮುಷ್ಟಿ ತುಂಬುವುದಿಲ್ಲ, ಸಾಹೇಬ ಮನಸ್ಸು ಮಾಡಿದರೆ ಒಂದೇ ಕೊಡವು ಸಾಕು — ಥೂ, ಅಂಗಡಿಯ ಬುದ್ಧಿ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ, ಜೀವ ಇರುವುದನ್ನು ಏನು ಕಂಡರೂ ಕಣ್ಣು ಮೊದಲು ಅದರ ಕೀಲು ಹುಡುಕುತ್ತದೆ, ಹತ್ತೊಂಬತ್ತು ವರ್ಷ ಮಾಂಸದಂಗಡಿಯ ಕೊರಡಿನ ಮುಂದೆ ನಿಂತವಳಿಗೆ, ಊರೆಲ್ಲ ಕತ್ತಿಯಕ್ಕ ಅಂತ ಕರೆಯುವವಳಿಗೆ, ಇನ್ನೇನು ಕಾಣಬೇಕು. ಆರನೇ ಸುತ್ತು ಅಮ್ಮಾ, ಹೀಗೇ ನಡೀತಾ ಇರಿ, ನಿಲ್ಲಬೇಡಿ, ಬೇಲಿಯಾಚೆ ಸಣ್ಣದನ್ನು ಹಿಡಿದುಕೊಂಡು ನಾಯಿ ಆಶ್ರಯದ ಮೇಡಂ ನಡೆಯುತ್ತಿದ್ದಾಳೆ, ಹತ್ತು ಸುತ್ತು ಆದ ಮೇಲೆ ಗೇಟು ತೆಗೆಯುವುದಂತೆ, ಎರಡೂ ಹೊಂದಿಕೊಂಡರೆ ಕಾಗದಕ್ಕೆ ಸಹಿ ಹಾಕಿ ಕರೆದುಕೊಂಡು ಹೋಗುವುದಂತೆ, ಇಲ್ಲಿ ಬೀದಿನಾಯಿಗೂ ಹೆಣ್ಣು ನೋಡುವ ಶಾಸ್ತ್ರ. ಹೊಂದಿಕೊಳ್ಳದಿದ್ದರೆ? ಭಾನುವಾರದವರೆಗೆ ನೋಡ್ತೀನಿ ಅಂದಿದ್ದಾನೆ ಮನೆ ಮಾಲೀಕ, ಅಷ್ಟರಲ್ಲಿ ಆ ಊಳಾಟ ನಿಲ್ಲಲಿಲ್ಲ ಅಂದ್ರೆ ನಾಯಿನಾದ್ರೂ ಸಾಗಿಸಿ, ನೀವಾದ್ರೂ ಸಾಗಿ, ಹಾಗೆನ್ನುವಾಗ ಅವನ ಕಣ್ಣು ಸಾಹೇಬನ ಬಾಲದ ಮೇಲೆ, ಬಾಲ ಅನ್ನಬೇಕಾದದ್ದರ ಮೇಲೆ, ಕೂದಲೂ ಇಲ್ಲ ತೊಗಲೂ ಇಲ್ಲ, ಕೆಂಪಗೆ ಹಸಿಹಸಿ, ತುದಿಯಲ್ಲಿ ಬೆಳ್ಳಗೆ ಮೂಳೆ. ಅಮ್ಮ ಇರುವತನಕ ಹಗಲೆಲ್ಲ ಅಮ್ಮನ ಮಂಚದ ಕೆಳಗೆ ಬಿದ್ದಿರುತ್ತಿದ್ದ, ಅಮ್ಮ ಹೋದ ಮೇಲೆ ಮನೆಯಲ್ಲಿ ಅವನೊಬ್ಬನೇ, ಮೊದಲು ಬಾಗಿಲು ಕೆರೆದ, ಆಮೇಲೆ ಮಂಚದ ಕಾಲು ತಿಂದ, ಆಮೇಲೆ ತನ್ನನ್ನೇ ತಿನ್ನತೊಡಗಿದ. ನಾಯಿ ಡಾಕ್ಟರು ಬಾಲಕ್ಕೆ ಪಟ್ಟಿ ಸುತ್ತಿದ, ಪಟ್ಟಿಯನ್ನೂ ತಿಂದ, ಕೊನೆಗೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, ಇದಕ್ಕೆ ಔಷಧಿ ಇಲ್ಲಮ್ಮ, ಒಂಟಿ ಆಗಿದೆ, ಒಂದು ಜೊತೆ ತನ್ನಿ ಅಂದ. ಅವಳು ತಲೆಯಾಡಿಸಿ ಬಂದಳು.

ಜೊತೆ. ಈ ಮಾತು ಕೇಳಿದಾಗೆಲ್ಲ ಅವಳ ಬಲಗಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ, ಈಗಲೂ ಬೂಟಿನೊಳಗೆ ಮಡಚಿಕೊಂಡಿದೆ, ಏಳನೇ ಸುತ್ತು, ಸಾಹೇಬ ಗುರ್ ಅನ್ನಲಿಲ್ಲ, ಒಳ್ಳೆಯದು, ನಿನಗೆ ಜೊತೆಗಿರಲಿ ಅಂತ ಕಣೇ ಇವನನ್ನ ಹೆತ್ತಿದ್ದು ಎನ್ನುತ್ತಿದ್ದಳು ಅಮ್ಮ, ಬಟ್ಟೆಯಲ್ಲಿ ಸುತ್ತಿದ ತಮ್ಮನ ಆ ಕೆಂಪು ಮುಖವನ್ನು ಅವಳ ಮಡಿಲಿಗೆ ಹಾಕಿ, ಅವಳಿಗೆ ಆಗ ಐದು ವರ್ಷ, ಕೇಳಿದ್ದಳೇ ಅವಳು, ಜೊತೆ ಬೇಕು ಅಂತ ಯಾರನ್ನಾದರೂ ಕೇಳಿದ್ದಳೇ, ಅಪ್ಪನ ಸೈಕಲ್ಲಿನ ಕ್ಯಾರಿಯರು ಇಡೀ ಅವಳೊಬ್ಬಳದಾಗಿತ್ತು, ಅಪ್ಪನ ಬೆನ್ನು ಅವಳೊಬ್ಬಳದಾಗಿತ್ತು, ಕಾರ್ಖಾನೆಯ ಎಣ್ಣೆ ವಾಸನೆಯ ಆ ಖಾಕಿ ಅಂಗಿಗೆ ಕೆನ್ನೆ ಒತ್ತಿಕೊಂಡರೆ ಅಪ್ಪ ಮಾತಾಡಿದ್ದು ಬೆನ್ನೊಳಗಿಂದ ಗುಂಯ್‌ಗುಡುತ್ತಿತ್ತು. ತಮ್ಮನಿಗೆ ನಾಲ್ಕು ತುಂಬಿದ ಮೇಲೆ ಅಪ್ಪನ ಬೆನ್ನಿಗೂ ಅವಳಿಗೂ ನಡುವೆ ಅವನನ್ನು ಕೂರಿಸಿದರು. ಅವನ ಕಾಲು ಅಗಲ ಹಿಡ್ಕೋ ಕಣಮ್ಮ, ಚಕ್ರಕ್ಕೆ ಸಿಕ್ಕೀತು, ನೀನೇ ಜವಾಬ್ದಾರಿ ಅಂದರು ಅಪ್ಪ. ಅವಳದು ಅದೊಂದೇ ಕೆಲಸ, ಎರಡು ಕೈಯಲ್ಲಿ ಎರಡು ಪುಟ್ಟ ಕಾಲು, ಅದರ ಬಿಸಿ ಇನ್ನೂ ಅಂಗೈಯಲ್ಲಿದೆ. ಆ ದಿನ ಇಳಿಜಾರು ಬಂತು, ಸೈಕಲ್ಲು ಓಡಿತು, ತಮ್ಮ ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ ಏನೋ ಹೇಳಿದ, ಅಪ್ಪ ನಕ್ಕರು, ಆ ನಗು ಬೆನ್ನೊಳಗೆ ಗುಂಯ್‌ಗುಟ್ಟಿದ್ದು ತಮ್ಮನಿಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ — ಬಲಗೈ ಬಿಟ್ಟಳು. ಬಿಟ್ಟದ್ದಷ್ಟೇ ಆಗಿದ್ದರೆ ಕೈ ಜಾರಿತು ಅಂತ ತನಗೆ ತಾನೇ ಹೇಳಿಕೊಳ್ಳಬಹುದಿತ್ತು, ಇಷ್ಟು ವರ್ಷ ಹೇಳಿಕೊಂಡೂ ಆಯಿತು, ಆದರೆ ಹೆಬ್ಬೆರಳಿಗೆ ಗೊತ್ತು, ಅವಳ ಬಲಗಾಲಿನ ಹೆಬ್ಬೆರಳು ಆ ಪುಟ್ಟ ಹಿಮ್ಮಡಿಯನ್ನು ಹುಡುಕಿ ಒಳಕ್ಕೆ ತಳ್ಳಿತು, ಒಮ್ಮೆ ತಳ್ಳಿದ್ದು ಸಾಲದೆ ಇನ್ನೊಮ್ಮೆ, ಕಡ್ಡಿಗಳು ಟಕಟಕಟಕ ಅಂದವು, ಸೈಕಲ್ಲು ಗಕ್ಕನೆ ನಿಂತಿತು, ಮೂವರೂ ನೆಲಕ್ಕೆ ಬಿದ್ದರು, ಹಿಮ್ಮಡಿಯ ಚರ್ಮ ಸುಲಿದು ಕಡ್ಡಿಗೆ ಸುತ್ತಿಕೊಂಡಿತ್ತು, ಒಳಗೆ ಬೆಳ್ಳಗೆ ಕಾಣುತ್ತಿತ್ತು, ಮೂಳೆ ಅಷ್ಟು ಬೆಳ್ಳಗಿರುತ್ತದೆ ಅಂತ ಅವಳಿಗೆ ಮೊದಲು ಗೊತ್ತಾದದ್ದು ಆವತ್ತೇ, ಅಂಗಡಿಯಲ್ಲಲ್ಲ. ಅಯ್ಯೋ ಮಗು, ಕೈ ಜಾರಿತಾ, ಅಳಬೇಡ, ನಿನ್ನ ತಪ್ಪಲ್ಲ ಅಂತ ಅಪ್ಪ ಅವಳ ತಲೆಯನ್ನೂ ಸವರಿದರು, ಅವಳು ಇನ್ನೂ ಜೋರಾಗಿ ಅತ್ತಳು. ಎರಡು ತಿಂಗಳು ಕಾಲಿಗೆ ಕಟ್ಟು, ಒಂಟಿಕಾಲಲ್ಲಿ ಗೋಡೆ ಹಿಡಿದು ಕುಪ್ಪಳಿಸಿಕೊಂಡು ಅವನು ಎಲ್ಲಿಗೆ ಬರುತ್ತಿದ್ದ, ಅಮ್ಮನ ಹತ್ತಿರಕ್ಕಲ್ಲ, ಅಪ್ಪನ ಹತ್ತಿರಕ್ಕಲ್ಲ, ಅಕ್ಕಾ, ಅರ್ಧ ಬಿಸ್ಕತ್ತು ತಗೋ. ಬಿಸ್ಕತ್ತು ಅವನ ಎಂಜಲಿಗೆ ಮೆತ್ತಗಾಗಿರುತ್ತಿತ್ತು, ಅವಳು ತಿನ್ನುತ್ತಿದ್ದಳು.

ಎಂಟು. ಅವಳ ಅಂಗೈ ಬೆವರುತ್ತಿದೆ, ಬಾರು ಜಾರುತ್ತಿದೆ, ಸುತ್ತಿಕೊಂಡಳು. ಬೇಡವೆಂದು ಈಗಲೇ ಹೇಳಿ ಹೊರಟುಬಿಟ್ಟರೆ? ಹೊರಟರೆ ಸಾಹೇಬ ಎಲ್ಲಿಗೆ, ಮಾಲೀಕನಿಗೆ ಏನು ಹೇಳುವುದು, ನಾಳೆ ಬೆಳಿಗ್ಗೆ ಬೀಗ ಹಾಕಿ ಮೆಟ್ಟಿಲಿಳಿಯುವಾಗ ಒಳಗಿಂದ ಮತ್ತೆ ಅದೇ ಕರಕರ ಶಬ್ದ, ತನ್ನ ಮಾಂಸಕ್ಕೆ ತಾನೇ ಹಲ್ಲು ಹಾಕುವ ಶಬ್ದ, ಅಂಗಡಿಯಲ್ಲಿ ಎಷ್ಟೋ ಮೂಳೆ ಒಡೆದಿದ್ದಾಳೆ, ಇಂಥ ಶಬ್ದ ಕೇಳಿಲ್ಲ. ತಂದರೆ ಬದುಕಬಹುದು ಅವನು. ತಂದರೆ ಇದು? ಈ ಜೋತುಕಿವಿ? ಇವತ್ತು ಬೆಳಿಗ್ಗೆ ಅಂಗಡಿ ತೊಳೆಯುವಾಗ ತಮ್ಮ ಫೋನು ಮಾಡಿದ್ದ, ವಾರಕ್ಕೊಮ್ಮೆ ತಪ್ಪದೆ ಮಾಡುತ್ತಾನೆ, ದರ್ಜಿ ಕೆಲಸ ಅವನದು, ಅದೇ ಕಾಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾನೆ, ಫೋನಿನಲ್ಲಿ ಅವನಿಗಿಂತ ಮೊದಲು ಯಂತ್ರವೇ ಮಾತಾಡುತ್ತದೆ, ತಗೊಂಡು ಬಾ ಅಕ್ಕ, ಅದಕ್ಕೇನು ಇಷ್ಟು ಯೋಚನೆ ಅಂದ, ಮೊದಮೊದಲು ದೊಡ್ಡದು ಕಚ್ಚುತ್ತೆ, ಕಚ್ಚಲಿ ಬಿಡು, ಕಚ್ಚಿಸಿಕೊಂಡ್ರೂ ಚಿಕ್ಕದು ಅದರ ಹಿಂದೇನೇ ತಿರುಗುತ್ತೆ, ಇನ್ನೆಲ್ಲಿಗೆ ಹೋಗಬೇಕು ಹೇಳು ಅದು? ಆಮೇಲೆ ನಕ್ಕ, ಆಮೇಲೆ ಯಂತ್ರ ನಿಂತಿತು. ಗೊತ್ತಿದೆ ಇವನಿಗೆ. ನಾಲ್ಕು ವರ್ಷದ ಮಗುವಿನ ಹಿಮ್ಮಡಿಗೆ ಅಕ್ಕನ ಹೆಬ್ಬೆರಳು ತಾಗಿದ್ದು ಗೊತ್ತಾಗದೆ ಇರುತ್ತದೆಯೇ, ಒಮ್ಮೆಯಲ್ಲ ಎರಡು ಬಾರಿ, ಗೊತ್ತಿದ್ದೇ ಬಿಸ್ಕತ್ತು ತಂದನೇ, ಗೊತ್ತಿದ್ದೇ ನಲವತ್ತು ವರ್ಷ ಅಕ್ಕಾ ಅಕ್ಕಾ ಅಂದನೇ, ಗಿರಾಕಿ ಬಂದ್ರು ಇಡ್ತೀನಿ ಅಂತ ಫೋನು ಇಟ್ಟಳು, ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಆಮೇಲೆ ಕತ್ತಿ ಎತ್ತಿ ಎತ್ತಿ ಹೊಡೆದಳು, ಕೀಲು ನೋಡದೆ, ಅಳತೆ ನೋಡದೆ, ಮೂಳೆಚೂರು ಸಿಡಿದು ಗೋಡೆಗೆ ಬಡಿಯಿತು, ಒಂದು ಚೂರು ಅವಳ ಹುಬ್ಬನ್ನು ಸೀಳಿತು, ಕತ್ತಿಯಕ್ಕಂಗೆ ಇವತ್ತು ಮೈಮೇಲೆ ಏನೋ ಬಂದಿದೆ ಅಂತ ಅಂಗಡಿಯ ಯಜಮಾನ ಗಲ್ಲಾದಿಂದೆದ್ದು ಹೊರಗೆ ಹೋಗಿ ನಿಂತ.

ಹತ್ತು, ಸಾಕು ಅಮ್ಮಾ, ಗೇಟು ತೆಗೀತೀನಿ, ಬಾರು ನೆಲಕ್ಕೆ ಬಿಡಿ, ಕೈಯಲ್ಲಿ ಎಳೆದು ಹಿಡಿಯಬೇಡಿ. ತಿನ್ನೋದು ಏನೂ ತಂದಿಲ್ಲ ತಾನೇ? ಇಲ್ಲ, ಮೈಮೇಲೆ ಮಾಂಸದ ವಾಸನೆ ಇರಬಾರದು ಅಂತ ಮೇಡಂ ಹೇಳಿದ ಹಾಗೇ ಅವಳು ಎಲ್ಲ ಮಾಡಿದ್ದಾಳೆ, ಮೂರು ಸಲ ಸೋಪು ಹಾಕಿ ಮೊಣಕೈವರೆಗೆ ತೊಳೆದಿದ್ದಾಳೆ, ಸೀರೆ ಬದಲಿಸಿದ್ದಾಳೆ, ತಲೆಗೂ ನೀರು ಹಾಕಿಕೊಂಡಿದ್ದಾಳೆ, ಗೇಟಿನ ಚಿಲಕ ಕಿರ್ರೆಂದಿತು, ಸಣ್ಣದು ಒಳಗೆ ಬಂತು, ಸಾಹೇಬನ ಹತ್ತಿರಕ್ಕೆ ಹೋಗಲಿಲ್ಲ, ನೆಲ ಮೂಸುತ್ತಾ ನೆಟ್ಟಗೆ ಅವಳ ಹತ್ತಿರ ಬಂದು ಅವಳ ಬೂಟು ನೆಕ್ಕತೊಡಗಿತು. ಬೂಟು! ಮಂಡಿಯವರೆಗಿನ ಕಪ್ಪು ರಬ್ಬರ್ ಬೂಟು, ಅಂಗಡಿಯಲ್ಲಿ ದಿನವಿಡೀ ರಕ್ತದಲ್ಲಿ ನಿಲ್ಲುವ ಬೂಟು, ತಳದ ಗೆರೆಗಳಲ್ಲಿ ಕೊಬ್ಬು ಗಟ್ಟಿಯಾಗಿ ಕೂತಿರುತ್ತದೆ, ಬೇರೆ ಯಾರೇ ಆಗಿದ್ದರೂ ಬಾಗಿಲಲ್ಲೇ ಮೂಗು ಮುಚ್ಚುತ್ತಿದ್ದರು, ಅವಳ ಮೂಗು ಆ ವಾಸನೆಗೆ ಸತ್ತು ಎಷ್ಟು ವರ್ಷವಾಯಿತೋ, ಕಾಲಿನಲ್ಲಿ ಬೂಟಿದೆ ಎನ್ನುವುದೇ ಅವಳಿಗೆ ನೆನಪಿರುವುದಿಲ್ಲ. ಮತ್ತು ಅದು ಸಾಹೇಬನದು. ದಿನಾ ಸಂಜೆ ಅವಳು ಹೊಸ್ತಿಲ ಮೇಲೆ ಕೂತು ಕಾಲು ಚಾಚಿದರೆ ಅವನು ಒಂದೊಂದೇ ಬೂಟನ್ನು ಹೊಳೆಯುವ ಹಾಗೆ ನೆಕ್ಕುತ್ತಾನೆ, ಇಡೀ ದಿನದಲ್ಲಿ ಅವನಿಗೆ ಅಂತ ಇರುವುದು ಅದೊಂದು, ಇವತ್ತಿನದು ಇನ್ನೂ ಆಗಿರಲಿಲ್ಲ — ಏಯ್ ಬೇಡ, ಅನ್ನುವಷ್ಟರಲ್ಲಿ ಸದ್ದೇ ಇಲ್ಲದೆ ಬಂದ, ಬೊಗಳಲಿಲ್ಲ, ಗುರುಗುಟ್ಟಲಿಲ್ಲ, ಸಣ್ಣದರ ನೆಟ್ಟಗಿನ ಕಿವಿ ಬುಡಸಮೇತ ಅವನ ಬಾಯೊಳಗೆ ಹೋಯಿತು, ಅದು ಕಿರುಚಿದ್ದು ನಾಯಿಯ ಹಾಗಿರಲಿಲ್ಲ, ಅವನು ಕೊಡವಿದ, ಮತ್ತೆ ಕೊಡವಿದ, ಅದರ ಹಿಂಗಾಲು ಗಾಳಿಯಲ್ಲಿ, ರಕ್ತ ಅವಳ ಸೀರೆಗೆ ಚಿಮ್ಮಿತು, ನೀರು, ಬಕೆಟ್ಟು, ಕೈ ಹಾಕಬೇಡಿ ಅಮ್ಮಾ ಕೈ ಹಾಕಬೇಡಿ, ಕೈ ಹಾಕಿದಳು, ದವಡೆಯ ಕೀಲು ಎಲ್ಲಿದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಎರಡೂ ಹೆಬ್ಬೆರಳು ಒತ್ತಿ ಬಿಡಿಸಿದಳು, ಸಣ್ಣದು ಬಿತ್ತು, ಹಲ್ಲು ಅವಳ ಮಣಿಕಟ್ಟಿಗೆ ಇಳಿಯಿತು, ಅವಳು ಕೊರಳಪಟ್ಟಿಗೆ ಬೆರಳು ತೂರಿಸಿ ತಿರುಚಿದಳು, ಮಂಡಿಯನ್ನು ಅವನ ಪಕ್ಕೆಗೆ ಊರಿ ನೆಲಕ್ಕೆ ಒತ್ತಿದಳು, ಇನ್ನೂ ತಿರುಚಿದಳು, ತಳ್ತೀಯಾ, ತಳ್ತೀಯಾ, ಚಿಕ್ಕದನ್ನ ತಳ್ತೀಯಾ, ಯಾರ ದನಿ ಇದು, ಅವನ ನಾಲಿಗೆ ಹೊರಬಂದು ನೀಲಿಯಾಗುತ್ತಿದೆ, ಕಣ್ಣು ಅವಳನ್ನೇ ನೋಡುತ್ತಿದೆ, ಬಿಡಿ ಅಮ್ಮಾ, ಅವನು ಆಗಲೇ ಬಿಟ್ಟಾಯ್ತು, ಸತ್ತೇ ಹೋಗ್ತಾನೆ ಬಿಡೀ, ಮೇಡಂ ಅವಳ ಹೆಗಲು ಹಿಡಿದು ಎಳೆಯುತ್ತಿದ್ದಾಳೆ, ಅವಳಿಗೆ ಬಿಡುವುದು ಹೇಗೆಂದೇ ಮರೆತುಹೋಗಿತ್ತು. ತಣ್ಣೀರು ಮುಖಕ್ಕೆ ಬಿದ್ದ ಮೇಲೆ ಕೈ ಸಡಿಲವಾಯಿತು. ಸಾಹೇಬ ಕೆಮ್ಮಿದ, ಕಕ್ಕಿದ, ಆಮೇಲೆ ತಲೆ ತಂದು ಅವಳ ಬೂಟಿನ ಮೇಲೆ ಇಟ್ಟ, ಅವಳಿಗೆ ನಾಚಿಕೆಯಾಯಿತು, ಅಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಆಗ ಅದು ಎದ್ದಿತು. ಮೇಡಂ ಅರಳೆ ಒತ್ತಿ ಹಿಡಿದಿದ್ದ ಕೈಯಿಂದ ನುಣುಚಿಕೊಂಡು, ಕಿವಿ ಒಂದು ಎಳೆ ತೊಗಲಿನಲ್ಲಿ ನೇತಾಡುತ್ತಾ, ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು, ಬಾಲ ಆಡಿಸುತ್ತಾ, ಎಲ್ಲಿಗೆ, ಗೇಟು ತೆರೆದೇ ಇತ್ತು, ಗೂಡು ಅಲ್ಲೇ ಇತ್ತು, ಮೇಡಮ್ಮಿನ ಮಡಿಲಿತ್ತು, ಅದು ಸಾಹೇಬನ ಹತ್ತಿರ ಬಂದು ಅವನ ಮೂತಿ ನೆಕ್ಕಿತು, ತನ್ನದೇ ರಕ್ತವನ್ನು ಅವನ ಮೂತಿಯಿಂದ ನೆಕ್ಕಿ ಒರೆಸಿತು. ಸಾಹೇಬ ಸುಮ್ಮನೆ ಮಲಗಿದ್ದ. ನೋಡಿ, ನೋಡಿ ಅಮ್ಮಾ, ಮೇಡಮ್ಮಿಗೆ ಅಳುವೋ ನಗುವೋ, ಯಾರು ದೊಡ್ಡವರು ಅಂತ ತೀರ್ಮಾನ ಆಯ್ತು, ಇನ್ನು ಜಗಳ ಇರಲ್ಲ, ಕಿವಿಗೆ ಹೊಲಿಗೆ ಹಾಕಿಸಿ ನಾಳೆ ಕಳಿಸಿಕೊಡ್ತೀನಿ, ಸಹಿ ಹಾಕಿಬಿಡಿ. ಪೆನ್ನು ಅವಳ ಕೈಗೆ ಬಂತು, ಮಣಿಕಟ್ಟಿನ ರಕ್ತ ಕಾಗದದ ಮೇಲೆ ತೊಟ್ಟಿಕ್ಕಿತು. ಬೇಡ, ಅಂದಳು. ಯಾಕಮ್ಮಾ, ಅದೇ ವಾಪಸ್ ಬಂತಲ್ಲ, ಕಣ್ಣಾರೆ ನೋಡಿದ್ರಲ್ಲ! ಅದಕ್ಕೇ ಬೇಡ, ಅಂದಳು. ಇದನ್ನ ಒಂದೇ ನಾಯಿ ಸಾಕೋರ ಮನೆಗೆ ಕೊಡಿ, ಇನ್ನೊಂದು ಇರೋ ಕಡೆ ಕೊಡಬೇಡಿ, ಆಣೆ ಮಾಡಿ ಹೇಳಿ ಕೊಡಲ್ಲ ಅಂತ. ಬಾರು ಎತ್ತಿಕೊಂಡಳು, ರಸ್ತೆಗೆ ಬಂದಳು, ಸಾಹೇಬ ಕುಂಟುತ್ತಾ ಪಕ್ಕದಲ್ಲಿ, ಭಾನುವಾರದ ಹೊತ್ತಿಗೆ ಬೇರೆ ಮನೆ ಹುಡುಕಬೇಕು, ಇಲ್ಲವೇ ಅಂಗಡಿಯ ಹಿಂದೆ ಕಟ್ಟಿಹಾಕಬೇಕು, ಯಜಮಾನ ಕೂಗಾಡುತ್ತಾನೆ, ಕೂಗಾಡಲಿ, ಅದೆಲ್ಲ ಆಮೇಲೆ, ಮೊದಲು ಇದು, ಫೋನಿನಲ್ಲಿ ತಮ್ಮನ ನಂಬರು ಒತ್ತಿದಳು, ಹೇಳಿಬಿಡಬೇಕು, ಕೈ ಜಾರಿದ್ದಲ್ಲ ಕಣೋ, ನಾನೇ, ಕಾಲಿನಿಂದ, ಎರಡು ಸಲ, ಇಷ್ಟೇ, ನಾಲ್ಕು ಮಾತು, ಒಂದೇ ರಿಂಗಿಗೆ ಎತ್ತಿದ, ಯಾವಾಗಲೂ ಒಂದೇ ರಿಂಗಿಗೆ ಎತ್ತುತ್ತಾನೆ, ಅಕ್ಕಾ, ಏನಾಯ್ತು, ತಂದ್ಯಾ? ಅವಳು ಫೋನನ್ನು ಕೆನ್ನೆಗೆ ಇನ್ನೂ ಒತ್ತಿಕೊಂಡಳು, ಅಕ್ಕಾ? ಕಣ್ಣ ಮುಂದೆ ಆ ಸಣ್ಣದು ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಬರುತ್ತಿತ್ತು, ಕಿವಿ ನೇತಾಡುತ್ತಾ, ಅಕ್ಕಾ, ಕೇಳಿಸ್ತಿದೆಯಾ, ಬಾಲ ಆಡಿಸುತ್ತಾ ಬರುತ್ತಿತ್ತು, ಬಾಲ ಆಡಿಸುತ್ತಾ, ಬರುತ್ತಿತ್ತು