ಹನ್ನೊಂದು ಭಾಷೆ ದಾಟಿದ ಹೆಸರು

ಹೆಸರುಗಳ ನಿಘಂಟಿನಲ್ಲಿ ಗಂಡು ಹೆಸರುಗಳ ವಿಭಾಗ ನನ್ನದು. ಹದಿನೆಂಟು ವರ್ಷದಿಂದ ಕಂಡವರ ಮಕ್ಕಳ ಹೆಸರಿಗೆಲ್ಲ ಅರ್ಥ ಹೇಳಿ ಬೀಗಿದವಳು, ಸ್ವಂತ ತಂಗಿಯ ಮಗನ ವಿಷಯದಲ್ಲೇ ಎಡವಿದೆ.

ನಮ್ಮಲ್ಲಿ ಒಂದೊಂದು ಹೆಸರಿಗೂ ಒಂದು ಕಟ್ಟು ಕಾರ್ಡು. ಮೇಲೆ ಇವತ್ತಿನ ಭಾಷೆ, ಕೆಳಗಿಳಿದಂತೆ ಹಳೆಯವು. ಅರ್ಥ ನೋಡುವಾಗ ಅಡಿಯ ಕಾರ್ಡಿನಿಂದ ಶುರು ಮಾಡಿ ಎಂದು ಹೊಸಬರ ತಲೆ ತಿನ್ನುವವಳೇ ನಾನು. ಆದರೆ ಹೋದ ವಾರ ತಂಗಿ ಆಸ್ಪತ್ರೆಯಿಂದ ಫೋನ್ ಮಾಡಿ, ಚೆನ್ನಾಗಿ ಬಾಳುವವನು ಎಂಬ ಅರ್ಥದ್ದೊಂದು ಹೆಸರು ಹೇಳು ಎಂದಾಗ, ಮೇಲಿನ ನಾಲ್ಕು ಕಾರ್ಡು ತಿರುವಿ ಹೇಳಿಬಿಟ್ಟೆ. ಅದೇನು ಸಾಮಾನ್ಯ ಹೆಸರಲ್ಲ. ವ್ಯಾಪಾರಿಗಳ ಜೊತೆ ಹಡಗು ಹತ್ತಿ, ಸೈನಿಕರ ಜೊತೆ ಬೆಟ್ಟ ದಾಟಿ, ಹನ್ನೊಂದು ಭಾಷೆಗೆ ಹೋಗಿದೆ. ಒಂದು ಕಡೆ ಬಾಲ ಕಳೆದುಕೊಂಡು ಇನ್ನೊಂದು ಕಡೆ ಹೊಸ ಬಾಲ ಬೆಳೆಸಿಕೊಂಡಿದೆ. ರಾಜರೂ ಇಟ್ಟುಕೊಂಡಿದ್ದಾರೆ, ಬಡಗಿಗಳೂ ಇಟ್ಟುಕೊಂಡಿದ್ದಾರೆ. ನಾನು ನೋಡಿದ ನಾಲ್ಕರಲ್ಲೂ ಅರ್ಥ ಒಂದೇ: ಉಳಿದು ಬಾಳುವವನು.

ಇವತ್ತು ಮಧ್ಯಾಹ್ನ ಅದೇ ಕಟ್ಟನ್ನು ಅಚ್ಚಿಗೆ ಸಿದ್ಧ ಮಾಡಲು ಕೂತೆ. ಅಡಿಯ ಕಾರ್ಡಿನಲ್ಲಿ, ಎಲ್ಲಕ್ಕಿಂತ ಹಳೆಯ ಭಾಷೆಯ ಎದುರು, ಹಿಂದಿನ ಸಂಪಾದಕರ ಸಣ್ಣ ಅಕ್ಷರ: 'ಸತ್ತ ಅಣ್ಣನ ಜಾಗಕ್ಕೆ ಬಂದವನು. ಮೊದಲ ಮಗು ತೀರಿಕೊಂಡ ಮನೆಗಳಲ್ಲಿ ಇಡುತ್ತಿದ್ದ ಹೆಸರು.'

ತಂಗಿಯ ಮೊದಲ ಮಗ ಒಂಬತ್ತನೇ ದಿನ ಹೋಗಿಬಿಟ್ಟಿದ್ದ. ಆಮೇಲೆ ಎರಡು ವರ್ಷ ಮನೆಯಲ್ಲಿ ಯಾರೂ ಆ ಮಾತೆತ್ತಿಲ್ಲ. ಇವನಿಗೂ ತೂಕ ಸಾಲದೆ ಹದಿನಾರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಇವತ್ತು ಮನೆಗೆ ಕಳಿಸುತ್ತಿದ್ದಾರೆ. ನಾಲ್ಕು ಗಂಟೆಯೊಳಗೆ ಅವಳು ಜನನ ನೋಂದಣಿಯ ಫಾರಂ ಕೊಡಬೇಕು. ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸು ಹತ್ತಿದರೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಹೇಳದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಮನಸ್ಸು; ನಿಘಂಟು ಅಚ್ಚಾದ ಮೇಲೆ ಅವಳೇ ಓದಿದರೆ ಎಂದು ಇನ್ನೊಂದು. ಹಾಳು ಹೆಮ್ಮೆ, ಒಂದು ನಿಮಿಷ ತಾಳಿ ಕೊನೆಯ ಕಾರ್ಡು ನೋಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ತಂಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಫಾರಂ ತುಂಬಿತ್ತು, ಸಹಿಯೊಂದು ಬಾಕಿ. ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಬೇರೆ ಐದು ಹೆಸರು ಬರೆದಿದ್ದ ಚೀಟಿಯನ್ನೂ ಕೊಟ್ಟೆ. ಅವಳು ಚೀಟಿ ಬಿಡಿಸಲೇ ಇಲ್ಲ. ಅಳುತ್ತಾಳೋ ಬೈಯುತ್ತಾಳೋ ಎಂದು ಹೆದರಿ ನಿಂತೆ.

"ಇದೇ ಇರಲಿ ಅಕ್ಕ," ಎಂದಳು. "ಅವನೊಬ್ಬ ಇದ್ದ ಅಂತ ಒಂದು ಕಡೆನಾದ್ರೂ ಇರುತ್ತೆ."

ಸಹಿ ಹಾಕಿ, ಫಾರಂ ಮಡಿಸಿ ನನ್ನ ಕೈಗಿಟ್ಟಳು. ಆಮೇಲೆ ಮಗುವನ್ನೇ ನೋಡುತ್ತಾ ಹೇಳಿದಳು: "ಅವನಿಗೂ ನಾನೊಂದು ಹೆಸರಿಟ್ಟಿದ್ದೆ. ಊರವರ ಹೆಸರೆಲ್ಲ ಹುಡುಕ್ತೀಯ, ಅದನ್ನ ಮಾತ್ರ ನೀನು ಯಾವತ್ತೂ ಕೇಳ್ಲೇ ಇಲ್ಲ."

ಮಂಚದ ಅಂಚಿನಲ್ಲಿ ಕೂತು, ಎರಡು ವರ್ಷ ತಡವಾಗಿ ಕೇಳಿದೆ. ಅವಳು ಹೇಳಿದಳು.